ಕ್ಯೂಜಿಐಎಸ್ ‘ಲೈಬ್ರರಿ ಸಿಗುತ್ತಿಲ್ಲ’ ಅಂದಾಗ: ಕೊಡಗಿನ ನಕ್ಷೆಗಾರರಿಗೆ ಹಂತ ಹಂತದ ದಾರಿ

ಕೊಡಗಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ತಮ್ಮ ಊರಿನ ಇಳಿಜಾರು, ಹೊಳೆ, ರಸ್ತೆ ಗುರುತಿಸಿಟ್ಟುಕೊಳ್ಳಬೇಕು ಅನ್ನುವವರು ಒಂದು ಕಡೆ. ಇನ್ನೊಂದು ಕಡೆ ಕಾಫಿ ಬೆಳೆಗಾರರ ಮನೆಯ ಮಕ್ಕಳು. ಯುರೋಪಿಗೆ ಹೋಗುವ ಕಾಫಿ ಯಾವ ಜಾಗದಲ್ಲಿ ಬೆಳೆಯಿತು ಎಂದು ತೋರಿಸಬೇಕು, ತೋಟದ ತುಂಡು ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಏಕರೆಗಿಂತ ದೊಡ್ಡದಾದರೆ ಗಡಿಯನ್ನೇ ಬಿಡಿಸಿ ಕೊಡಬೇಕು ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಜಾರಿಯ ದಿನ ಮುಂದಕ್ಕೆ ಹೋಗುತ್ತಾ ಬಂದರೂ ತಯಾರಿ ನಿಂತಿಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳಂತೂ ಮೊದಲಿನಿಂದಲೂ ಇದ್ದಾರೆ. ಹೆಚ್ಚಿನವರ ಕೈಯಲ್ಲಿರುವುದು ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶ. ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು.

ಇವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. “ನಿನ್ನೆವರೆಗೆ ಸರಿಯಾಗಿತ್ತು, ಇವತ್ತು ತೆರೆದರೆ ಏನೋ ಫೈಲ್ ಇಲ್ಲ ಅನ್ನುತ್ತಿದೆ. ಆ ಫೈಲ್ ಎಲ್ಲಿ ಸಿಗುತ್ತದೆ?” ಫೈಲ್ ಹುಡುಕಿಕೊಂಡು ಹೋಗುವುದೇ ಇಲ್ಲಿ ತಪ್ಪು ದಾರಿ. ಹೆಚ್ಚಿನ ಸಲ ಫೈಲ್ ಕಳೆದುಹೋಗಿರುವುದಿಲ್ಲ, ಅದರ ಬೇರೊಂದು ಆವೃತ್ತಿ ಅಲ್ಲಿ ಕೂತಿರುತ್ತದೆ. ಹಾಗಾಗಿ ಒಂದೊಂದೇ ಫೈಲ್ ತಂದು ಹಾಕುವ ಬದಲು ಇಡೀ ಸೆಟ್ಟನ್ನು ಒಂದೇ ಮೂಲದಿಂದ ಹಾಕಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳನ್ನೇ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಈ ಹೆಸರುಗಳು ಗೊತ್ತಿರಲಿ

ಲೈಬ್ರರಿ ಅಂದರೆ ಬೇರೆ ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್. ವಿಂಡೋಸ್‌ನಲ್ಲಿ ಈ ಫೈಲಿನ ಹೆಸರು ಡಿಎಲ್‌ಎಲ್ ಎಂದು ಕೊನೆಯಾಗುತ್ತದೆ. ಲಿನಕ್ಸ್‌ನಲ್ಲಿ ಹೆಸರಿನ ಮಧ್ಯೆ ಎಸ್‌ಒ ಎಂದಿದ್ದು ಆಮೇಲೆ ಒಂದು ನಂಬರ್ ಇರುತ್ತದೆ. ಡಿಪೆಂಡೆನ್ಸಿ ಅಂದರೆ ಒಂದು ತಂತ್ರಾಂಶ ಓಡಬೇಕಾದರೆ ಬೇಕೇ ಬೇಕಾದ ಇನ್ನೊಂದು.

ಕ್ಯೂಜಿಐಎಸ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಉಪಗ್ರಹ ಚಿತ್ರ, ಶೇಪ್‌ಫೈಲ್, ಜಿಯೋಜೇಸನ್ ಇವನ್ನೆಲ್ಲ ಓದಿ ಬರೆಯುವ ಕೆಲಸ ಜಿಡಾಲ್‌ದು. ಅಕ್ಷಾಂಶ-ರೇಖಾಂಶವನ್ನು ಮೀಟರ್ ಲೆಕ್ಕಕ್ಕೆ ಬದಲಾಯಿಸುವುದು ಪ್ರೋಜ್. ಎರಡು ಗಡಿ ಎಲ್ಲಿ ಕೂಡುತ್ತವೆ, ಹೊಳೆಯಿಂದ ಐವತ್ತು ಮೀಟರ್ ಒಳಗೆ ಏನೇನಿದೆ ಅನ್ನುವ ಜ್ಯಾಮಿತಿ ಲೆಕ್ಕ ಜಿಯೋಸ್‌ದು. ಕಿಟಕಿ, ಬಟನ್, ಮೆನು ತೋರಿಸುವುದು ಕ್ಯೂಟಿ. ಪ್ಲಗಿನ್‌ಗಳು, ಅಂದರೆ ಹೆಚ್ಚುವರಿ ಸೌಲಭ್ಯಕ್ಕೆ ನಾವು ಸೇರಿಸಿಕೊಳ್ಳುವ ತುಣುಕುಗಳು, ಓಡುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಯಾವುದು ಯಾವ ಕೆಲಸಕ್ಕೆ ಎಂದು ಗೊತ್ತಿದ್ದರೆ ಕೆಟ್ಟದ್ದು ಯಾವುದು ಎಂದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಬೇಕಾಗುವುದು ಹೆಚ್ಚೇನಿಲ್ಲ. ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್, ಒಂದಿಷ್ಟು ಇಂಟರ್ನೆಟ್, ಮತ್ತೆ ಎರಡು ಬ್ಯಾಕಪ್. ಒಂದು ನಿಮ್ಮ ಪ್ರಾಜೆಕ್ಟ್ ಮತ್ತು ಡೇಟಾ ಇರುವ ಫೋಲ್ಡರ್. ಇನ್ನೊಂದು ಕ್ಯೂಜಿಐಎಸ್ ಪ್ರೊಫೈಲ್, ಅಂದರೆ ನಿಮ್ಮ ಸೆಟ್ಟಿಂಗ್ ಮತ್ತು ಪ್ಲಗಿನ್‌ಗಳು ಇರುವ ಫೋಲ್ಡರ್. ಕ್ಯೂಜಿಐಎಸ್ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್ ಮೆನುವಿನ ಯೂಸರ್ ಪ್ರೊಫೈಲ್ಸ್ ಒಳಗೆ ಆ ಫೋಲ್ಡರ್ ತೆರೆಯುವ ಆಯ್ಕೆ ಇದೆ. ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮುಂದುವರಿಯಿರಿ.

ಹಂತ 1: ಸಂದೇಶವನ್ನು ಪೂರ್ತಿ ಓದಿ, ಕಾಪಿ ಮಾಡಿಟ್ಟುಕೊಳ್ಳಿ

ಎರರ್ ಬಂದ ಕೂಡಲೇ ಓಕೆ ಒತ್ತಿ ಮುಚ್ಚುವವರೇ ಜಾಸ್ತಿ. ಮುಚ್ಚಬೇಡಿ. ಸಂದೇಶ ಯಾವ ಜಾತಿಯದು ಎಂಬುದರ ಮೇಲೆ ಮದ್ದು ಬದಲಾಗುತ್ತದೆ.

‘ವಾಸ್ ನಾಟ್ ಫೌಂಡ್’ ಅಥವಾ ‘ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’ ಎಂದಿದ್ದರೆ ಆ ಹೆಸರಿನ ಫೈಲ್ ಹುಡುಕಿದ ಜಾಗದಲ್ಲಿ ಸಿಗಲಿಲ್ಲ ಎಂದರ್ಥ. ಬೇರೆ ಕಡೆ ಇದ್ದರೂ ಇರಬಹುದು.

‘ಪ್ರೊಸೀಜರ್ ಎಂಟ್ರಿ ಪಾಯಿಂಟ್’ ಅಥವಾ ‘ಅನ್‌ಡಿಫೈನ್ಡ್ ಸಿಂಬಲ್’ ಎಂದಿದ್ದರೆ ಫೈಲ್ ಸಿಕ್ಕಿದೆ, ಆದರೆ ಆವೃತ್ತಿ ಹೊಂದುತ್ತಿಲ್ಲ. ಇಲ್ಲಿ ಮತ್ತೊಂದು ಫೈಲ್ ತಂದು ಹಾಕಿದರೆ ತೊಂದರೆ ದುಪ್ಪಟ್ಟು.

‘ನೋ ಮಾಡ್ಯೂಲ್ ನೇಮ್ಡ್’ ಎಂದಿದ್ದರೆ ಅದು ಪೈಥಾನ್ ಮಾತು. ಹೆಚ್ಚಾಗಿ ಯಾವುದೋ ಪ್ಲಗಿನ್‌ಗೆ ಬೇಕಾದದ್ದು ಇಲ್ಲ. ಹಂತ 7 ನೋಡಿ.

‘ಪ್ರೋಜ್.ಡಿಬಿ’ ಎಂಬ ಹೆಸರು ಕಂಡರೆ ನೇರ ಹಂತ 6ಕ್ಕೆ ಹೋಗಿ. ಅದರ ಕತೆಯೇ ಬೇರೆ.

ಹಂತ 2: ಪ್ಲಗಿನ್ ಕಾಟವೋ, ಲೈಬ್ರರಿ ಕಾಟವೋ?

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ಕ್ಯೂಜಿಐಎಸ್ --ನೋಪ್ಲಗಿನ್ಸ್’ ಎಂದು ಓಡಿಸಿ. ವಿಂಡೋಸ್‌ನವರು ಸ್ಟಾರ್ಟ್ ಮೆನುವಿನಲ್ಲಿ ಓಎಸ್‌ಜಿಯೋ4ಡಬ್ಲ್ಯೂ ಶೆಲ್ (ಕ್ಯೂಜಿಐಎಸ್ ಜೊತೆಗೇ ಬರುವ ಕಮಾಂಡ್ ಕಿಟಕಿ) ತೆರೆದು ಅದರಲ್ಲಿ ಟೈಪ್ ಮಾಡಿ. ಎಲ್‌ಟಿಆರ್, ಅಂದರೆ ದೀರ್ಘಾವಧಿ ಆವೃತ್ತಿ ಹಾಕಿಕೊಂಡಿದ್ದರೆ ಕಮಾಂಡಿನ ಹೆಸರು ‘ಕ್ಯೂಜಿಐಎಸ್-ಎಲ್‌ಟಿಆರ್’.

ಹೀಗೆ ಮಾಡಿದಾಗ ಸಲೀಸಾಗಿ ತೆರೆದರೆ ಲೈಬ್ರರಿಗಳು ಸರಿಯಾಗಿವೆ, ತಪ್ಪು ಪ್ಲಗಿನ್‌ನಲ್ಲಿದೆ. ಆಗಲೂ ತೆರೆಯದಿದ್ದರೆ ಮುಂದಕ್ಕೆ ಹೋಗಿ. ಈ ಒಂದು ಪರೀಕ್ಷೆ ಮಾಡದೆ ಇಡೀ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವವರು ಬಹಳ. ಪ್ಲಗಿನ್ ಪ್ರೊಫೈಲ್ ಫೋಲ್ಡರ್‌ನಲ್ಲಿ ಇರುವುದರಿಂದ ಎಷ್ಟು ಸಲ ಮರುಸ್ಥಾಪನೆ ಮಾಡಿದರೂ ಅದು ಹಾಗೇ ಉಳಿಯುತ್ತದೆ.

ಹಂತ 3: ಎಬೌಟ್ ಕಿಟಕಿ ನೋಡಿ

ತಂತ್ರಾಂಶ ತೆರೆದು ಮಧ್ಯದಲ್ಲಿ ಕೈ ಕೊಡುತ್ತಿದ್ದರೆ ಹೆಲ್ಪ್ ಮೆನುವಿನ ಎಬೌಟ್ ನೋಡಿ. ಜಿಡಾಲ್, ಪ್ರೋಜ್, ಜಿಯೋಸ್ ಪ್ರತಿಯೊಂದರ ಆವೃತ್ತಿ ಅಲ್ಲಿರುತ್ತದೆ. ‘ಕಂಪೈಲ್ಡ್ ಅಗೇನ್ಸ್ಟ್’ ಅಂದರೆ ಯಾವ ಆವೃತ್ತಿ ಇಟ್ಟುಕೊಂಡು ಕಟ್ಟಿದ್ದಾರೆ ಎಂದು. ‘ರನ್ನಿಂಗ್ ಅಗೇನ್ಸ್ಟ್’ ಅಂದರೆ ಈಗ ನಿಮ್ಮ ಕಂಪ್ಯೂಟರ್‌ನಲ್ಲಿ ಯಾವುದರ ಜೊತೆ ಓಡುತ್ತಿದೆ ಎಂದು. ಎರಡೂ ಬೇರೆ ಬೇರೆ ಇದ್ದರೆ ಹೊರಗಿನದೊಂದು ಲೈಬ್ರರಿ ಮಧ್ಯೆ ತೂರಿಕೊಂಡಿದೆ ಎಂದು ಅನುಮಾನಿಸಿ.

ಹಂತ 4: ವಿಂಡೋಸ್‌ನವರಿಗೆ

ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಜೊತೆಗೇ ತರುತ್ತದೆ. ಆದ್ದರಿಂದ ಅಲ್ಲಿ ‘ಇಲ್ಲ’ ಎಂದು ಬಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ.

ಒಂದು, ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಇನ್‌ಸ್ಟಾಲರ್ ಈಗ ಒಂದು ಜಿಬಿಗಿಂತ ದೊಡ್ಡದು. ನೆಟ್‌ವರ್ಕ್ ಬಂದು ಹೋಗಿ ಮಾಡುವ ಕಡೆ ಫೈಲ್ ಪೂರ್ತಿ ಬಂದಿದೆಯೇ ಎಂದು ನೋಡಲೇಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’ ಎಂದು ಬರೆದು, ಫೈಲಿನ ಹೆಸರು ಕೊಟ್ಟು, ಕೊನೆಗೆ ‘ಶಾ256’ ಎಂದು ಸೇರಿಸಿ. ಬರುವ ಉದ್ದನೆಯ ಅಕ್ಷರಮಾಲೆ ಕ್ಯೂಜಿಐಎಸ್ ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಶಾ256 ಮೊತ್ತಕ್ಕೆ ಸಮ ಇರಬೇಕು. ಇಲ್ಲದಿದ್ದರೆ ಆ ಫೈಲನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಎರಡು, ಮೈಕ್ರೋಸಾಫ್ಟ್‌ನ ಲೈಬ್ರರಿ ಇಲ್ಲ. ಸಂದೇಶದಲ್ಲಿ ಎಂಎಸ್‌ವಿಸಿಪಿ140 ಅಥವಾ ವಿಸಿರನ್‌ಟೈಮ್140 ಎಂಬ ಹೆಸರಿದ್ದರೆ ಇದೇ. ಮೈಕ್ರೋಸಾಫ್ಟ್ ತಾಣದಿಂದಲೇ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್‌ನ 64 ಬಿಟ್ ಆವೃತ್ತಿ ಇಳಿಸಿ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಮೂರು, ಬೇರೆ ತಂತ್ರಾಂಶ ತನ್ನ ಹಳೆಯ ಡಿಎಲ್‌ಎಲ್‌ಗಳನ್ನು ದಾರಿಯಲ್ಲಿ ಇಟ್ಟಿದೆ. ಇಲ್ಲಿ ದಾರಿ ಅಂದರೆ ಪಾತ್, ಕಂಪ್ಯೂಟರ್ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ. ಸಾಮಾನ್ಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಜಿಡಾಲ್‌ಇನ್ಫೋ’ ಎಂದು ಹೊಡೆದರೆ ಪಾತ್‌ನಲ್ಲಿ ಜಿಡಾಲ್‌ನ ಪ್ರೋಗ್ರಾಮ್ ಎಲ್ಲೆಲ್ಲಿ ಇದೆ ಎಂದು ತೋರಿಸುತ್ತದೆ. ಏನೂ ಸಿಗಲಿಲ್ಲ ಎಂದರೆ ಚಿಂತೆ ಇಲ್ಲ. ಕ್ಯೂಜಿಐಎಸ್ ಅಥವಾ ಓಎಸ್‌ಜಿಯೋ4ಡಬ್ಲ್ಯೂ ಅಲ್ಲದ ಫೋಲ್ಡರ್ ಕಂಡರೆ ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಪಟ್ಟಿಗೆ ಹೋಗಿ ಪಾತ್‌ನಿಂದ ಆ ಫೋಲ್ಡರ್ ತೆಗೆಯಿರಿ. ಅದೇ ಪಟ್ಟಿಯಲ್ಲಿ ಪೈಥಾನ್‌ಹೋಮ್, ಪೈಥಾನ್‌ಪಾತ್ ಎಂಬ ಹೆಸರುಗಳಿದ್ದರೆ ಅವನ್ನೂ ತೆಗೆದು ನೋಡಿ. ಅಳಿಸುವ ಮುಂಚೆ ಮೌಲ್ಯ ಏನಿತ್ತು ಎಂದು ಬರೆದಿಟ್ಟುಕೊಳ್ಳಿ, ಬೇರೆ ತಂತ್ರಾಂಶಕ್ಕೆ ಬೇಕಾಗಬಹುದು.

ಮೂರೂ ನೋಡಿ ಆಗಿಲ್ಲವೆಂದರೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಉಳಿದ ಫೋಲ್ಡರ್ ಕೈಯಲ್ಲೇ ಅಳಿಸಿ, ಹೊಸದಾಗಿ ಹಾಕಿ. ಫೋಲ್ಡರ್ ಹೆಸರಿನಲ್ಲಿ ಕನ್ನಡ ಅಕ್ಷರ ಬೇಡ. ಗ್ರಾಸ್‌ನಂಥ ಹಳೆಯ ಉಪಕರಣಗಳಿಗೆ ಅದು ಆಗಿಬರುವುದಿಲ್ಲ.

ಎಚ್ಚರಿಕೆ: ಡಿಎಲ್‌ಎಲ್ ಹೆಸರು ಹಾಕಿ ಹುಡುಕಿದರೆ ಅದೊಂದೇ ಫೈಲನ್ನು ಪುಕ್ಕಟೆ ಕೊಡುವ ತಾಣಗಳು ಸಾಲಾಗಿ ಬರುತ್ತವೆ. ಅಲ್ಲಿಂದ ಏನನ್ನೂ ಇಳಿಸಬೇಡಿ. ವೈರಸ್ ಬರುವ ಭಯ ಒಂದು. ವೈರಸ್ ಇಲ್ಲದಿದ್ದರೂ ಆವೃತ್ತಿ ಹೊಂದುವ ಖಾತ್ರಿ ಇಲ್ಲ. ಅದನ್ನು ವಿಂಡೋಸ್‌ನ ಸ್ವಂತ ಫೋಲ್ಡರ್ ಆದ ಸಿಸ್ಟಮ್32 ಒಳಗೆ ಹಾಕಿದರಂತೂ ಕ್ಯೂಜಿಐಎಸ್ ಜೊತೆ ಬೇರೆ ನಾಲ್ಕು ತಂತ್ರಾಂಶಗಳೂ ಕೆಡಬಹುದು.

ಹಳೆಯ 32 ಬಿಟ್ ಕಂಪ್ಯೂಟರ್ ಇಟ್ಟುಕೊಂಡವರಿಗೆ: ವಿಂಡೋಸ್‌ಗೆ 3.20ನೇ ಆವೃತ್ತಿಯಿಂದ 64 ಬಿಟ್ ಮಾತ್ರ ಬರುತ್ತಿದೆ. ಅದನ್ನಾಗಲಿ ಅದಕ್ಕಿಂತ ಹೊಸದನ್ನಾಗಲಿ ಹಾಕಲು ಹೆಣಗಬೇಡಿ.

ಹಂತ 5: ಉಬುಂಟುನವರಿಗೆ

ಉಬುಂಟು ಲಿನಕ್ಸ್‌ನ ಒಂದು ಬಗೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಲಿನಕ್ಸ್‌ನಲ್ಲಿ ಒಂದೇ ಲೈಬ್ರರಿಯನ್ನು ಇಡೀ ಕಂಪ್ಯೂಟರ್ ಹಂಚಿಕೊಳ್ಳುತ್ತದೆ. ಜಾಗ ಉಳಿಯುತ್ತದೆ, ನಿಜ. ಆದರೆ ಒಂದು ಬದಲಾದರೆ ಹತ್ತಕ್ಕೆ ತಾಗುತ್ತದೆ.

ಮೊದಲು ಏನು ಇಲ್ಲ ಎಂದು ಪಟ್ಟಿ ಮಾಡಿ. ‘ಎಲ್‌ಡಿಡಿ’ ಎಂಬ ಕಮಾಂಡ್ ಒಂದು ಪ್ರೋಗ್ರಾಮ್‌ಗೆ ಯಾವ ಯಾವ ಲೈಬ್ರರಿ ಬೇಕು, ಪ್ರತಿಯೊಂದೂ ಎಲ್ಲಿ ಸಿಕ್ಕಿತು ಎಂದು ಹೇಳುತ್ತದೆ. ‘ಎಲ್‌ಡಿಡಿ /ಯುಎಸ್‌ಆರ್/ಬಿನ್/ಕ್ಯೂಜಿಐಎಸ್’ ಎಂದು ಓಡಿಸಿ, ‘ನಾಟ್ ಫೌಂಡ್’ ಎಂದಿರುವ ಸಾಲುಗಳನ್ನು ಮಾತ್ರ ಬರೆದುಕೊಳ್ಳಿ. ‘ನಾಟ್ ಎ ಡೈನಮಿಕ್ ಎಕ್ಸಿಕ್ಯೂಟಬಲ್’ ಎಂದು ಉತ್ತರ ಬಂದರೆ ಆ ಫೈಲ್ ಬರೀ ಸ್ಕ್ರಿಪ್ಟ್. ಅದೇ ಫೋಲ್ಡರ್‌ನಲ್ಲಿ ‘ಕ್ಯೂಜಿಐಎಸ್.ಬಿನ್’ ಇರುತ್ತದೆ, ಅದರ ಮೇಲೆ ಓಡಿಸಿ. ಎಲ್ಲಿಂದ ಬಂತೋ ಗೊತ್ತಿಲ್ಲದ ಪ್ರೋಗ್ರಾಮ್ ಮೇಲೆ ಎಲ್‌ಡಿಡಿ ಓಡಿಸಬೇಡಿ. ಅದು ಕೆಲವು ಸಲ ಆ ಪ್ರೋಗ್ರಾಮನ್ನೇ ಚಾಲೂ ಮಾಡಿಬಿಡಬಹುದು.

ಈಗ ನಂಬರ್ ಓದುವುದು ಕಲಿಯಿರಿ. ಅತಿ ಹೆಚ್ಚು ಗಲಿಬಿಲಿ ಇಲ್ಲೇ. ‘ಲಿಬ್‌ಜಿಡಾಲ್.ಎಸ್‌ಒ.30 ಇಲ್ಲ’ ಎಂದು ಬಂತು ಅಂದುಕೊಳ್ಳಿ. 30 ಅಂದರೆ ಜಿಡಾಲ್‌ನ ಮೂವತ್ತನೇ ಆವೃತ್ತಿ ಅಲ್ಲ. ಅದು ಹೊರಗಿನ ತಂತ್ರಾಂಶಗಳ ಜೊತೆ ಕೂಡಿಕೊಳ್ಳುವ ರೀತಿಗೆ ಕೊಟ್ಟ ನಂಬರ್. ಜಿಡಾಲ್ 3.0ಕ್ಕೆ 26, 3.4ಕ್ಕೆ 30, 3.8ಕ್ಕೆ 34. ಉಬುಂಟು 20.04ರ ಜೊತೆ ಬಂದದ್ದು 26, 22.04ರ ಜೊತೆ 30, 24.04ರ ಜೊತೆ 34. ಪ್ರೋಜ್‌ನಲ್ಲೂ ಹೀಗೇ: ಈ ಮೂರರಲ್ಲಿ ಕ್ರಮವಾಗಿ 15, 22, 25.

ಅಂದರೆ ನಿಮ್ಮಲ್ಲಿ 24.04 ಇದ್ದು ಸಂದೇಶ 30 ಕೇಳುತ್ತಿದ್ದರೆ ರೋಗ ಅಲ್ಲೇ ಗೊತ್ತಾಯಿತು. 22.04ಕ್ಕೆ ಕಟ್ಟಿದ ಕ್ಯೂಜಿಐಎಸ್ ಅಥವಾ ಅದರ ಒಂದು ಭಾಗ ನಿಮ್ಮಲ್ಲಿ ಉಳಿದುಕೊಂಡಿದೆ. ಉಬುಂಟುವನ್ನು ಮೇಲ್ದರ್ಜೆಗೆ ಏರಿಸಿದವರಿಗೆ ಇದು ಆಗುವುದು ಸಾಮಾನ್ಯ. ಏರಿಸುವಾಗ ಹೊರಗಿನ ಭಂಡಾರಗಳನ್ನು, ಅಂದರೆ ಪ್ಯಾಕೇಜ್ ಸಿಗುವ ಸರ್ವರ್‌ಗಳನ್ನು, ಉಬುಂಟು ತಾನಾಗಿ ಬಂದ್ ಮಾಡುತ್ತದೆ. ಅಲ್ಲಿಂದ ಬಂದಿದ್ದ ಹಳೆಯ ಪ್ಯಾಕೇಜ್‌ಗಳು ಮಾತ್ರ ಕೂತಲ್ಲೇ ಕೂತಿರುತ್ತವೆ.

ಎಚ್ಚರಿಕೆ: ಇಲ್ಲಿ ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. “34 ಇದೆಯಲ್ಲ, ಅದಕ್ಕೇ 30 ಎಂದು ಇನ್ನೊಂದು ಹೆಸರಿನ ಲಿಂಕ್ ಕೊಟ್ಟುಬಿಡಿ.” ಮಾಡಬೇಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೇರೆ ಮಾದರಿಯ ಬಿಡಿಭಾಗ ಬಿಗಿದ ಹಾಗೆ ಅದು. ಬೋಲ್ಟ್ ಕೂರುತ್ತದೆ, ಚಕ್ರ ತಿರುಗುತ್ತದೆ, ಬೀಜ ಮಾತ್ರ ಪುಡಿಯಾಗಿ ಬರುತ್ತದೆ. ಕ್ಯೂಜಿಐಎಸ್ ತೆರೆಯಬಹುದು. ಆಮೇಲೆ ಯಾವುದೋ ಪದರ ಉಳಿಸುವಾಗ ಮುಚ್ಚಿಕೊಂಡು ನಿಮ್ಮ ದಿನದ ಕೆಲಸ ಹೋಗಬಹುದು.

ಸರಿಯಾದ ದಾರಿ ಹೀಗೆ.

ಆಪ್ಟ್ ಅಂದರೆ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಉಪಕರಣ. ಮೊದಲು ‘ಆಪ್ಟ್ ಪಾಲಿಸಿ ಕ್ಯೂಜಿಐಎಸ್’ ಎಂದು ಓಡಿಸಿ. ಯಾವ ಆವೃತ್ತಿ ಇದೆ, ಯಾವ ಭಂಡಾರದಿಂದ ಬಂತು ಎಂದು ತೋರಿಸುತ್ತದೆ. ಸಂದೇಶದಲ್ಲಿ ಬಂದ ಲೈಬ್ರರಿಗೂ ಹೀಗೇ ಮಾಡಿ. 24.04ರಲ್ಲಿ ಜಿಡಾಲ್ ಪ್ಯಾಕೇಜಿನ ಹೆಸರು ‘ಲಿಬ್‌ಜಿಡಾಲ್34ಟಿ64’, ಬಾಲ ಮರೆಯಬೇಡಿ.

ಆಮೇಲೆ ‘/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ’ ಫೋಲ್ಡರ್ ಒಳಗೆ ಯಾವ ಯಾವ ಭಂಡಾರಗಳಿವೆ ನೋಡಿ. ಉಬುಂಟುವಿನದೇ ಭಂಡಾರದಲ್ಲೂ ಕ್ಯೂಜಿಐಎಸ್ ಇದೆ. 22.04ರಲ್ಲಿ 3.22, 24.04ರಲ್ಲಿ 3.34. ಇನ್ನೂ ಹೊಸದು ಬೇಕಿದ್ದವರು ಕ್ಯೂಜಿಐಎಸ್‌ನವರ ಸ್ವಂತ ಭಂಡಾರ ಸೇರಿಸಿಕೊಳ್ಳುತ್ತಾರೆ. ಮೂರನೆಯದು ಉಬುಂಟುಜಿಐಎಸ್ ಎಂಬ ಭಂಡಾರ. ಅದರಲ್ಲಿ ಜಿಡಾಲ್, ಪ್ರೋಜ್ ಇತ್ಯಾದಿ ಉಬುಂಟುವಿನದಕ್ಕಿಂತ ಹೊಸದಾಗಿರುತ್ತವೆ. ಉಬುಂಟುಜಿಐಎಸ್ ಹಾಕಿಕೊಂಡು, ಕ್ಯೂಜಿಐಎಸ್ ಮಾತ್ರ ಸಾಮಾನ್ಯ ಉಬುಂಟುಗೆ ಕಟ್ಟಿದ್ದನ್ನು ತಂದರೆ ಜಗಳ ಶುರು. ಉಬುಂಟುಜಿಐಎಸ್ ಬೇಕೇ ಬೇಕು ಅನ್ನುವವರಿಗೆಂದೇ ಕ್ಯೂಜಿಐಎಸ್‌ನವರು ಬೇರೆ ಕಟ್ಟಿ ಇಡುತ್ತಾರೆ, ಅದನ್ನೇ ಆರಿಸಿ. ನನ್ನ ಸಲಹೆ ಕೇಳಿದರೆ, ತೋಟದ ಗಡಿ ಬಿಡಿಸಲು, ಇಳಿಜಾರು ನೋಡಲು ಉಬುಂಟುಜಿಐಎಸ್ ಬೇಕಾಗಿಯೇ ಇಲ್ಲ. ಸುಮ್ನೆ ತಲೆನೋವು.

ಯಾವ ಭಂಡಾರ ಎಂದು ತೀರ್ಮಾನ ಮಾಡಿದ ಮೇಲೆ ಉಳಿದದ್ದನ್ನು ತೆಗೆಯಿರಿ. ಪಿಪಿಎ ರೀತಿಯ, ಅಂದರೆ ಉಬುಂಟುವಿನವರಲ್ಲದೆ ಬೇರೆಯವರು ನಡೆಸುವ ಉಬುಂಟುಜಿಐಎಸ್‌ನಂಥ ಭಂಡಾರಕ್ಕೆ ‘ಪಿಪಿಎ-ಪರ್ಜ್’ ಎಂಬ ಉಪಕರಣ ಇದೆ. ಅದು ಭಂಡಾರ ತೆಗೆಯುವುದರ ಜೊತೆಗೆ ಅಲ್ಲಿಂದ ಬಂದ ಪ್ಯಾಕೇಜ್‌ಗಳನ್ನು ಉಬುಂಟುವಿನ ಮೂಲ ಆವೃತ್ತಿಗೆ ಇಳಿಸುತ್ತದೆ. ಬರೀ ಭಂಡಾರದ ಹೆಸರು ಅಳಿಸಿದರೆ ಪ್ಯಾಕೇಜ್ ಉಳಿದೇ ಇರುತ್ತದೆ. ಆಮೇಲೆ ಈ ಕ್ರಮದಲ್ಲಿ ಹೋಗಿ:

‘ಸುಡೊ ಆಪ್ಟ್ ರಿಮೂವ್ ಕ್ಯೂಜಿಐಎಸ್ ಪೈಥಾನ್3-ಕ್ಯೂಜಿಐಎಸ್’
‘ಸುಡೊ ಆಪ್ಟ್ ಅಪ್‌ಡೇಟ್’
‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’
‘ಸುಡೊ ಆಪ್ಟ್ ಇನ್‌ಸ್ಟಾಲ್ ಕ್ಯೂಜಿಐಎಸ್ ಕ್ಯೂಜಿಐಎಸ್-ಪ್ಲಗಿನ್-ಗ್ರಾಸ್’

ಪ್ರತಿ ಸಲ ‘ವೈ’ ಒತ್ತುವ ಮುಂಚೆ ‘ಇವನ್ನು ತೆಗೆಯಲಾಗುವುದು’ ಎಂಬ ಪಟ್ಟಿ ಓದಿ. ಅಲ್ಲಿ ಕ್ಯೂಜಿಐಎಸ್‌ಗೆ ಸಂಬಂಧವೇ ಇಲ್ಲದ ಡೆಸ್ಕ್‌ಟಾಪ್ ಪ್ಯಾಕೇಜ್‌ಗಳು ಕಂಡರೆ ‘ಎನ್’ ಒತ್ತಿ ನಿಲ್ಲಿಸಿ. ಭಂಡಾರದ ಗೊಂದಲ ಇನ್ನೂ ಉಳಿದಿದೆ ಎಂದರ್ಥ.

ಇಷ್ಟಾದರೂ ಹಳೆಯ ಲೈಬ್ರರಿಯೇ ಬರುತ್ತಿದ್ದರೆ ‘ಎಲ್‌ಡಿಕಾನ್ಫಿಗ್ -ಪಿ’ ಓಡಿಸಿ ಜಿಡಾಲ್, ಪ್ರೋಜ್ ಹೆಸರಿನ ಸಾಲುಗಳನ್ನು ನೋಡಿ. ‘/ಯುಎಸ್‌ಆರ್/ಲೋಕಲ್/ಲಿಬ್’ ಒಳಗಿನ ಫೈಲ್ ಕಂಡರೆ ಯಾರೋ ಒಂದು ಕಾಲದಲ್ಲಿ ಮೂಲ ಕೋಡ್‌ನಿಂದ ಕಟ್ಟಿ ಹಾಕಿದ್ದಾರೆ. ಆ ಫೋಲ್ಡರ್‌ಗೆ ಸಾಮಾನ್ಯವಾಗಿ ಮೊದಲ ಮಣೆ. ಕಾಲೇಜ್ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಇಂಥದ್ದು ಇರುವುದು ಹೊಸತಲ್ಲ. ಆ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸಿ ‘ಸುಡೊ ಎಲ್‌ಡಿಕಾನ್ಫಿಗ್’ ಓಡಿಸಿ. ಹೋಮ್ ಫೋಲ್ಡರ್‌ನ ‘.ಬ್ಯಾಶ್‌ಆರ್‌ಸಿ’ ಫೈಲ್‌ನಲ್ಲಿ ಎಲ್‌ಡಿ_ಲೈಬ್ರರಿ_ಪಾತ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದನ್ನೂ ತೆಗೆಯಿರಿ. ಅನಕೊಂಡಾ ಎಂಬ ಪೈಥಾನ್ ಸೆಟ್ ಹಾಕಿಕೊಂಡವರು ‘ಕೊಂಡಾ ಡಿಆಕ್ಟಿವೇಟ್’ ಮಾಡಿ ಆಮೇಲೆ ಕ್ಯೂಜಿಐಎಸ್ ತೆರೆದು ನೋಡಿ.

ಇದೆಲ್ಲ ರಗಳೆ ಬೇಡ ಅನ್ನುವವರಿಗೆ ಫ್ಲ್ಯಾಟ್‌ಪ್ಯಾಕ್ ಇದೆ. ಅದರಲ್ಲಿ ಕ್ಯೂಜಿಐಎಸ್ ತನ್ನ ಲೈಬ್ರರಿಗಳ ಸಮೇತ ಪ್ರತ್ಯೇಕ ಡಬ್ಬಿಯಲ್ಲಿ ಬರುತ್ತದೆ, ಉಬುಂಟುವಿನ ಲೈಬ್ರರಿಗಳನ್ನು ಮುಟ್ಟುವುದೇ ಇಲ್ಲ. ಜಾಗ ಹೆಚ್ಚು ತಿನ್ನುತ್ತದೆ. ಹೆಚ್ಚುವರಿ ಪೈಥಾನ್ ಪ್ಯಾಕೇಜ್ ಬೇಡುವ ಪ್ಲಗಿನ್‌ಗಳಿಗೆ ಮಾತ್ರ ಸ್ವಲ್ಪ ಕಷ್ಟ.

ಹಂತ 6: ಪ್ರೋಜ್.ಡಿಬಿ ತಕರಾರು

ಪ್ರೋಜ್ ತನ್ನ ಅಳತೆ ಪದ್ಧತಿಗಳ ವಿವರವನ್ನೆಲ್ಲ ಪ್ರೋಜ್.ಡಿಬಿ ಎಂಬ ಡೇಟಾಬೇಸ್ ಫೈಲ್‌ನಲ್ಲಿ ಇಡುತ್ತದೆ. ಅದು ಸಿಗದಿದ್ದರೆ ಅಥವಾ ಬೇರೆ ಆವೃತ್ತಿಯದು ಸಿಕ್ಕಿದರೆ ಕ್ಯೂಜಿಐಎಸ್ ತೆರೆಯುತ್ತದೆ, ಆದರೆ ನಕ್ಷೆಯ ಜಾಗ ತಪ್ಪುತ್ತದೆ. ಜಿಪಿಎಸ್‌ನಲ್ಲಿ ತಂದ ಬೇಲಿಯ ಗೆರೆ ಉಪಗ್ರಹ ಚಿತ್ರದ ಮೇಲೆ ಕೂರುವುದಿಲ್ಲ. ಅಥವಾ ಅಳತೆ ಪದ್ಧತಿಗಳ ಪಟ್ಟಿಯೇ ಖಾಲಿ ಕಾಣುತ್ತದೆ.

ಸಂದೇಶ ‘ಕೆನಾಟ್ ಫೈಂಡ್ ಪ್ರೋಜ್.ಡಿಬಿ’ ಎಂದಿರಬಹುದು. ಅಥವಾ ‘ಇಟ್ ಕಮ್ಸ್ ಫ್ರಮ್ ಅನದರ್ ಪ್ರೋಜ್ ಇನ್‌ಸ್ಟಲೇಶನ್’ ಎಂಬ ಮಾತು ಇರಬಹುದು. ಎರಡನೆಯದು ಬಂದರೆ ಪ್ರೋಜ್_ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹುಡುಕಿ. ಪ್ರೋಜ್ 9.1ರಿಂದ ಅದರ ಹೊಸ ಹೆಸರು ಪ್ರೋಜ್_ಡೇಟಾ. ಹಳೆಯದೂ ನಡೆಯುತ್ತದೆ, ಹಾಗಾಗಿ ಎರಡನ್ನೂ ನೋಡಿ. ಜೊತೆಗೆ ಜಿಡಾಲ್_ಡೇಟಾ. ಮೂರೂ ದೊಡ್ಡ ಅಕ್ಷರದಲ್ಲಿರುತ್ತವೆ. ವಿಂಡೋಸ್‌ನಲ್ಲಿ ಪೋಸ್ಟ್‌ಜಿಐಎಸ್ ಎಂಬ ನಕ್ಷೆ ಡೇಟಾಬೇಸ್ ತಂತ್ರಾಂಶ ಹಾಕುವಾಗ ಇವನ್ನು ಸೇರಿಸಲೇ ಎಂದು ಕೇಳುತ್ತದೆ, ನಾವು ಓದದೆ ಎಸ್ ಅನ್ನುತ್ತೇವೆ. ಈ ಮೂರು ವೇರಿಯಬಲ್ ತೆಗೆದು, ಕ್ಯೂಜಿಐಎಸ್ ಮುಚ್ಚಿ ಮತ್ತೆ ತೆರೆದರೆ ಹೆಚ್ಚಿನ ಸಲ ಅಲ್ಲಿಗೇ ಸರಿಯಾಗುತ್ತದೆ. ಕ್ಯೂಜಿಐಎಸ್‌ಗೆ ತನ್ನ ಪ್ರೋಜ್.ಡಿಬಿ ಎಲ್ಲಿದೆ ಎಂದು ಗೊತ್ತಿದೆ. ನಾವು ಹೇಳಿಕೊಡಬೇಕಿಲ್ಲ.

ಹಂತ 7: ಪ್ಲಗಿನ್‌ಗೆ ಬೇಕಾದ ಪೈಥಾನ್ ಪ್ಯಾಕೇಜ್

ಸೈಪೈ, ಪಾಂಡಾಸ್, ಸೈಕಿಟ್-ಲರ್ನ್ ಇವು ಹೆಚ್ಚಾಗಿ ಕೇಳಿಬರುವ ಹೆಸರುಗಳು. ಉಪಗ್ರಹ ಚಿತ್ರದಲ್ಲಿ ತೋಟ ಯಾವುದು, ಕಾಡು ಯಾವುದು, ಗದ್ದೆ ಯಾವುದು ಎಂದು ವಿಂಗಡಿಸುವ ಪ್ಲಗಿನ್‌ಗಳಿಗೆ ಇವು ಬೇಕಾಗುತ್ತವೆ.

ಉಬುಂಟುನಲ್ಲಿ ಮೊದಲು ಆಪ್ಟ್ ಕೇಳಿ: ‘ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಸೈಪೈ ಪೈಥಾನ್3-ಪಾಂಡಾಸ್ ಪೈಥಾನ್3-ಎಸ್‌ಕೆಲರ್ನ್’. ವಿಂಡೋಸ್‌ನಲ್ಲಿ ಓಎಸ್‌ಜಿಯೋ4ಡಬ್ಲ್ಯೂ ಸೆಟಪ್ ತೆರೆದು ಅಡ್ವಾನ್ಸ್ಡ್ ಆರಿಸಿದರೆ ಇಂಥ ಪ್ಯಾಕೇಜ್‌ಗಳು ಪಟ್ಟಿಯಲ್ಲಿ ಸಿಗುತ್ತವೆ. ಅಲ್ಲಿ ಇಲ್ಲದ್ದಕ್ಕೆ ಮಾತ್ರ ಪಿಪ್, ಅಂದರೆ ಪೈಥಾನ್‌ನದೇ ಪ್ಯಾಕೇಜ್ ಹಾಕುವ ಉಪಕರಣ. ವಿಂಡೋಸ್‌ನಲ್ಲಿ ಸಾಮಾನ್ಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಪ್ ಓಡಿಸಿದರೆ ಅದು ಬೇರೆ ಪೈಥಾನ್‌ಗೆ ಹೋಗುತ್ತದೆ, ಕ್ಯೂಜಿಐಎಸ್‌ಗೆ ತಲುಪುವುದಿಲ್ಲ. ಓಎಸ್‌ಜಿಯೋ4ಡಬ್ಲ್ಯೂ ಶೆಲ್‌ನಲ್ಲೇ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಕೊಟ್ಟು ಪ್ಯಾಕೇಜ್ ಹೆಸರು ಬರೆಯಿರಿ.

ಎಚ್ಚರಿಕೆ ಎರಡಿವೆ. ಪಿಪ್‌ನಲ್ಲಿ ಜಿಡಾಲ್ ಹಾಕಬೇಡಿ. ಅದಾಗಲೇ ಕ್ಯೂಜಿಐಎಸ್ ಜೊತೆ ಇದೆ, ಎರಡನೆಯದು ಬಂದರೆ ಹಂತ 3ರಲ್ಲಿ ಹೇಳಿದ ಗೊಂದಲ ನೀವೇ ತಂದುಕೊಂಡ ಹಾಗೆ. ಇನ್ನೊಂದು, ಸಂಖ್ಯೆಗಳ ಲೆಕ್ಕ ಮಾಡುವ ಪೈಥಾನ್ ಪ್ಯಾಕೇಜ್ ನಂಪೈ. ನೀವು ಕೇಳಿದ್ದು ಒಂದು ಪ್ಯಾಕೇಜ್, ಪಿಪ್ ಅದರ ಬೆನ್ನಿಗೆ ಹೊಸ ನಂಪೈ ತಂದು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಹಾಕುತ್ತದೆ. 2024ರಲ್ಲಿ ಬಂದ ನಂಪೈ 2, ಹಿಂದಿನ 1ನೇ ಸರಣಿಗೆ ಕಟ್ಟಿದ ಲೈಬ್ರರಿಗಳ ಜೊತೆ ಹೊಂದುವುದಿಲ್ಲ. ಪ್ಲಗಿನ್ ಹಾಕಿದ ಮೇಲೆ ಪ್ರೊಸೆಸಿಂಗ್ ಟೂಲ್‌ಬಾಕ್ಸೇ ಮಾಯವಾಯಿತು ಅನ್ನುವವರು ‘ಪಿಪ್ ಲಿಸ್ಟ್ --ಯೂಸರ್’ ಓಡಿಸಿ ನೋಡಿ. ನಂಪೈ ಅಲ್ಲಿದ್ದರೆ ‘ಪಿಪ್ ಅನ್‌ಇನ್‌ಸ್ಟಾಲ್ ನಂಪೈ’ ಮಾಡಿ.

ಹೊಸ ಉಬುಂಟುಗಳಲ್ಲಿ ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ಎಂದು ತಡೆಯುತ್ತದೆ. ಅದು ತೊಂದರೆ ಅಲ್ಲ, ಕಾವಲು. ಆಪ್ಟ್‌ನಲ್ಲಿ ಸಿಗುತ್ತದೆಯೇ ಎಂದು ಇನ್ನೊಮ್ಮೆ ನೋಡಿ.

ಸಾಗಾ ಎಂಬ ನಕ್ಷೆ ವಿಶ್ಲೇಷಣೆಯ ತಂತ್ರಾಂಶ ಕಾಣುತ್ತಿಲ್ಲ ಎಂದು ಕೇಳುವವರಿಗೆ: ಈಗಿನ ಕ್ಯೂಜಿಐಎಸ್ ಜೊತೆ ಅದು ಬರುವುದಿಲ್ಲ. ಸಾಗಾ ನೆಕ್ಸ್ಟ್‌ಜೆನ್ ಎಂಬ ಪ್ಲಗಿನ್ ಬೇರೆ ಹಾಕಿಕೊಳ್ಳಬೇಕು, ಸಾಗಾ ತಂತ್ರಾಂಶವನ್ನೂ ಬೇರೆಯಾಗಿ ಹಾಕಬೇಕು.

ಹಂತ 8: ನಿಜವಾಗಿ ಸರಿಯಾಯಿತೇ?

ಕ್ಯೂಜಿಐಎಸ್ ತೆರೆಯಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಒಂದೊಂದು ಲೈಬ್ರರಿಗೂ ಒಂದೊಂದು ಕೆಲಸ ಕೊಟ್ಟು ನೋಡಿ.

ಪ್ರೋಜ್‌ಗೆ: ಮಡಿಕೇರಿ ಸುಮಾರು 75.74 ರೇಖಾಂಶ, 12.42 ಅಕ್ಷಾಂಶದಲ್ಲಿದೆ. ಕೊಡಗು ಪೂರ್ತಿ ಮೀಟರ್ ಲೆಕ್ಕದ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದೊಳಗೆ ಬರುತ್ತದೆ, ಅದರ ಇಪಿಎಸ್‌ಜಿ ಸಂಖ್ಯೆ, ಅಂದರೆ ಅಳತೆ ಪದ್ಧತಿಯನ್ನು ಗುರುತಿಸುವ ಸಂಖ್ಯೆ, 32643. ಟರ್ಮಿನಲ್‌ನಲ್ಲಿ ‘ಎಕೋ 75.74 12.42 | ಜಿಡಾಲ್‌ಟ್ರಾನ್ಸ್‌ಫಾರ್ಮ್ -ಎಸ್_ಎಸ್‌ಆರ್‌ಎಸ್ ಇಪಿಎಸ್‌ಜಿ:4326 -ಟಿ_ಎಸ್‌ಆರ್‌ಎಸ್ ಇಪಿಎಸ್‌ಜಿ:32643’ ಓಡಿಸಿ. ಇಪಿಎಸ್‌ಜಿ ದೊಡ್ಡ ಅಕ್ಷರದಲ್ಲಿರಲಿ. ಈ ಕಮಾಂಡ್ ಇಲ್ಲ ಎಂದು ಉಬುಂಟು ಹೇಳಿದರೆ ‘ಜಿಡಾಲ್-ಬಿನ್’ ಪ್ಯಾಕೇಜ್ ಹಾಕಿಕೊಳ್ಳಿ. ಉತ್ತರದಲ್ಲಿ ಮೊದಲ ಸಂಖ್ಯೆ ಸುಮಾರು 5,80,000, ಎರಡನೆಯದು ಸುಮಾರು 13,73,000 ಮೀಟರ್ ಬರಬೇಕು. ಬಂದರೆ ಪ್ರೋಜ್ ಸರಿ. ಎರರ್ ಬಂದರೆ ಹಂತ 6ಕ್ಕೆ ವಾಪಸ್.

ಜಿಡಾಲ್‌ಗೆ: ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಲ್ಲಿ ಎನ್12ಇ075 ಎಂಬ ತುಂಡು ತಲಕಾವೇರಿಯಿಂದ ಕುಶಾಲನಗರದವರೆಗೆ ಬರುತ್ತದೆ. ಅದನ್ನು ತೆರೆದು 32643ಕ್ಕೆ ಬದಲಾಯಿಸಿ, ರಾಸ್ಟರ್ ಮೆನುವಿನಲ್ಲಿ ಹಿಲ್‌ಶೇಡ್, ಅಂದರೆ ಬೆಟ್ಟಗಳನ್ನು ನೆರಳಿನಿಂದ ತೋರಿಸುವ ಚಿತ್ರ, ಮಾಡಿ. ತಡಿಯಂಡಮೋಳ್, ಬ್ರಹ್ಮಗಿರಿಯ ಏಣುಗಳು ಎದ್ದು ಕಾಣಬೇಕು. ಬದಲಾಯಿಸದೆ ಡಿಗ್ರಿಯಲ್ಲೇ ಇಳಿಜಾರು ಲೆಕ್ಕ ಹಾಕಿದರೆ ಊರೆಲ್ಲ ಕಡಿದಾದ ಗೋಡೆ ಎಂದು ತೋರಿಸುತ್ತದೆ. ಅದು ಲೈಬ್ರರಿ ತಪ್ಪಲ್ಲ.

ಜಿಯೋಸ್‌ಗೆ: ಒಂದು ಹೊಳೆಯ ಗೆರೆ ಬಿಡಿಸಿ, ಬಫರ್ ಉಪಕರಣದಿಂದ ಸುತ್ತ 50 ಮೀಟರ್ ಪಟ್ಟಿ ಮಾಡಿ. ಬಂತೇ? ಆಯಿತು.

ಪೈಥಾನ್‌ಗೆ: ಪ್ಲಗಿನ್ಸ್ ಮೆನುವಿನ ಪೈಥಾನ್ ಕನ್ಸೋಲ್ ತೆರೆದು ‘ಇಂಪೋರ್ಟ್ ಸೈಪೈ’ ಎಂದು ಹೊಡೆಯಿರಿ. ಏನೂ ಹೇಳದೆ ಮುಂದಿನ ಸಾಲಿಗೆ ಹೋದರೆ ಸರಿ ಇದೆ.

ಹಂತ 9: ಮಳೆಗಾಲಕ್ಕೆ ಮುಂಚೆ ಕೂಡಿಟ್ಟುಕೊಳ್ಳಿ

ಕಕ್ಕಡದ ಮಳೆಯಲ್ಲಿ ಕರೆಂಟ್ ಇಲ್ಲ, ಟವರ್ ಇಲ್ಲ ಅಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಬೇಸಿಗೆಯಲ್ಲೇ ಸೆಟ್ ಇಳಿಸಿಟ್ಟುಕೊಳ್ಳಿ. ಓಎಸ್‌ಜಿಯೋ4ಡಬ್ಲ್ಯೂ ಸೆಟಪ್‌ನಲ್ಲಿ ಹಾಕದೆ ಬರೀ ಇಳಿಸಿಕೊಳ್ಳುವ ಆಯ್ಕೆ ಇದೆ. ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಆಮೇಲೆ ‘ಲೋಕಲ್ ಡೈರೆಕ್ಟರಿ’ಯಿಂದ ಇಂಟರ್ನೆಟ್ ಇಲ್ಲದೆ ಹಾಕಬಹುದು. ಉಬುಂಟುನಲ್ಲಿ ಆಪ್ಟ್ ಇನ್‌ಸ್ಟಾಲ್ ಕಮಾಂಡ್‌ಗೆ ‘--ಡೌನ್‌ಲೋಡ್-ಓನ್ಲಿ’ ಸೇರಿಸಿದರೆ ಪ್ಯಾಕೇಜ್‌ಗಳು ‘/ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್’ ಒಳಗೆ ಕೂರುತ್ತವೆ. ಅವನ್ನು ಬೇರೆಯವರ ಕಂಪ್ಯೂಟರ್‌ಗೆ ಕೊಡುವುದಾದರೆ ಇಬ್ಬರದೂ ಒಂದೇ ಉಬುಂಟು ಆವೃತ್ತಿ ಇರಬೇಕು. ಅವರಲ್ಲಿ ಮೊದಲೇ ಇಲ್ಲದ ಇನ್ನೂ ಕೆಲವು ಪ್ಯಾಕೇಜ್ ಬೇಕಾಗಬಹುದು.

ಹಾಕುತ್ತಿರುವಾಗಲೇ ಕರೆಂಟ್ ಹೋಗಿ ಯುಪಿಎಸ್ ಇಲ್ಲದ ಕಂಪ್ಯೂಟರ್ ಆಫ್ ಆಯಿತೇ? ಹೆದರಬೇಡಿ. ಉಬುಂಟುನಲ್ಲಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿದರೆ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತದೆ. ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂದರೆ ಇಳಿಸಿದ ಫೈಲ್ ಹಾಳಾಗಿದೆ, ‘ಸುಡೊ ಆಪ್ಟ್ ಕ್ಲೀನ್’ ಮಾಡಿ ಮತ್ತೆ ಇಳಿಸಿ. ವಿಂಡೋಸ್‌ನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕುವುದೇ ವಾಸಿ.

ಇಷ್ಟೆಲ್ಲ ಮಾಡಿಯೂ ಆಗಲಿಲ್ಲ, ಯಾರನ್ನಾದರೂ ಕೇಳಬೇಕು ಅನ್ನುವಾಗ ಪರದೆಯ ಫೋಟೋ ತೆಗೆದು ಕಳಿಸಬೇಡಿ. ಅರ್ಧ ಸಂದೇಶ ಅದರಲ್ಲಿ ಕಾಣುವುದೇ ಇಲ್ಲ. ಸಂದೇಶದ ಪೂರ್ತಿ ಪಠ್ಯ, ಎಬೌಟ್ ಕಿಟಕಿಯ ಪಠ್ಯ, ವಿಂಡೋಸ್ ಅಥವಾ ಉಬುಂಟುವಿನ ಆವೃತ್ತಿ, ಎಲ್‌ಡಿಡಿ ಅಥವಾ ‘ವೇರ್’ ಕೊಟ್ಟ ಉತ್ತರ, ಮತ್ತೆ ಕೆಡುವುದಕ್ಕೆ ಸ್ವಲ್ಪ ಮುಂಚೆ ಹೊಸದಾಗಿ ಏನು ಹಾಕಿದ್ದಿರಿ ಎಂಬುದು, ಇಷ್ಟನ್ನೂ ಬರೆದು ಕಳಿಸಿ. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಉತ್ತರ ಹೆಚ್ಚಾಗಿ ಅದರಲ್ಲೇ ಇರುತ್ತದೆ.